ಗಾಡಿಯೊಳಗಿನ ಹಾಸಿಗೆ

ಅಕ್ಟೋಬರ್ ೬, ೧೯೯೩, ಬುಧವಾರ

ಈ ಡೈರಿಯನ್ನು ಗೊಬ್ಬರದ ಅಂಗಡಿಯವರು ಜನವರಿಯಲ್ಲಿ ಕೊಟ್ಟಿದ್ದರು. ಇಷ್ಟು ದಿನ ಇದರಲ್ಲಿ ಒಂದಕ್ಷರ ಬಿದ್ದಿರಲಿಲ್ಲ. ಇವತ್ತು ಬರೆಯೋಣ ಅನ್ನಿಸಿತು. ವಿಶೇಷ ಕಾರಣವೇನಿಲ್ಲ. ಲಿಂಬೆಹಣ್ಣಿನ ವ್ಯಾಪಾರ ಮಂದವಾಗಿದೆ, ಕೈ ಖಾಲಿ ಇದೆ.

ಹೋದ ಗುರುವಾರ ನಸುಕಿನಲ್ಲಿ ಭೂಮಿ ನಡುಗಿತು. ನಮ್ಮ ಇಂಡಿಯಲ್ಲಿ ಪಾತ್ರೆ ಬಿದ್ದವು, ನಾಯಿ ಬೊಗಳಿದವು, ಅಷ್ಟೇ. ನಮ್ಮ ಮನೆಯ ಒಳಗಿನ ಖೋಲಿಯ ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಬಂದಿದೆ. ಕಿಲ್ಲಾರಿ ಕಡೆ ಊರೂರೇ ಕುಸಿದವೆಂದು ರೇಡಿಯೋದಲ್ಲಿ ಬಂತು. ಓಣಿಯ ಹೆಂಗಸರೆಲ್ಲ ರೊಟ್ಟಿ ಬಡಿದು ಗಂಟು ಕಟ್ಟಿಕೊಟ್ಟರು. ನಾನು ಮತ್ತು ಗ್ಯಾರೇಜಿನ ಬಂದಗಿಸಾಬ ನಮ್ಮ ಅಂಬಾಸಿಡರ್‌ನಲ್ಲಿ ತುಂಬಿಕೊಂಡು ಹೋಗಿ ಕೊಟ್ಟು ಬಂದೆವು. ಬರೆಯುವಂಥದ್ದೇನೂ ಇಲ್ಲ.

ಮೊದಮೊದಲು ಇಡೀ ಓಣಿ ಅಂಗಳದಲ್ಲೇ ಮಲಗಿತ್ತು. ಈಗ ಒಬ್ಬೊಬ್ಬರಾಗಿ ಒಳಗೆ ಹೋಗಿದ್ದಾರೆ. ನಾನು ಗಾಡಿಯಲ್ಲಿ ಮಲಗುತ್ತಿದ್ದೇನೆ. ಒಳಗೆ ಧಗೆ, ಮೇಲಾಗಿ ಇಂದುಬಾಯಿಯ ಗೊರಕೆ. ಕಟ್ಟಿಕೊಂಡ ತಪ್ಪಿಗೆ ಇಷ್ಟು ವರ್ಷ ಸಹಿಸಿದ್ದೇ ದೊಡ್ಡದು.

ಅಕ್ಟೋಬರ್ ೧೨, ಮಂಗಳವಾರ

ಗಾಡಿಯ ಬಗ್ಗೆ ಒಂದು ವಿಚಾರ ತಲೆಯಲ್ಲಿ ಹೊಕ್ಕಿದೆ.

ಊರಲ್ಲಿ ಇದಕ್ಕೆ ‘ಹೈಬ್ರೀಡ್’ ಎಂದೇ ಹೆಸರು. ಪೆಟ್ರೋಲಿಗೂ ಓಡುತ್ತದೆ, ಅಡುಗೆ ಗ್ಯಾಸಿಗೂ ಓಡುತ್ತದೆ. ಸಿಲಿಂಡರು ಡಿಕ್ಕಿಯಲ್ಲಿದೆ, ಜೋಡಿಸಿದವನು ಬಂದಗಿಸಾಬ. ಎರಡು ತಳಿ ಕೂಡಿಸಿದ ಜೋಳ ಬಂತಲ್ಲ, ಇದೂ ಅದೇ ಜಾತಿ ಎಂದು ಲಿಂಬೆ ಬಜಾರಿನವರು ಇಟ್ಟ ಹೆಸರು ಅಂಟಿಕೊಂಡಿತು. ವಯಸ್ಸಾಗಿದೆ. ಹ್ಯಾಂಡ್ ಬ್ರೇಕ್ ಹಿಡಿಯುವುದಿಲ್ಲ, ನಿಲ್ಲಿಸಿದಾಗಲೆಲ್ಲ ನಾಲ್ಕೂ ಗಾಲಿಗೆ ಕಲ್ಲು ಕೊಡಬೇಕು. ಮಾರುತ್ತೇನೆಂದರೆ ಗುಜರಿಯವರೂ ಮುಖ ತಿರುಗಿಸುತ್ತಾರೆ.

ಇದನ್ನೇ ಮಲಗುವ ಗಾಡಿ ಮಾಡಿದರೆ? ಹಿಂದಿನ ಸೀಟು ತೆಗೆಯುವುದು, ಡಿಕ್ಕಿಗೂ ಸೀಟಿಗೂ ನಡುವಿನ ತಗಡು ಕೊಯ್ದು ಕಾಲು ಚಾಚುವಷ್ಟು ಜಾಗ ಮಾಡುವುದು. ಅದೇ ಸಿಲಿಂಡರಿಗೆ ಒಂದು ಸಣ್ಣ ಒಲೆ. ಗಾಡಿಯೂ ಓಡುತ್ತದೆ, ಚಹಾವೂ ಆಗುತ್ತದೆ. ದೇವಣಗಾಂವ, ಮೋರಟಗಿ ಕಡೆ ತೋಟ ನೋಡಲು ಹೋದರೆ ಸಂಜೆಗೆ ಓಡಿ ಬರುವ ಗಡಿಬಿಡಿ ಇಲ್ಲ. ಶ್ರೀಶೈಲಕ್ಕೆ ಹೋದರೆ ಖೋಲಿಗಾಗಿ ಯಾರ ಮುಂದೆಯೂ ಹಲ್ಲು ಗಿಂಜಬೇಕಿಲ್ಲ.

ಬಂದಗಿಸಾಬ ಪೂರ್ತಿ ಕೇಳಿದ. ಸೀಟು ಯಾವಾಗ ಬೇಕಾದರೂ ಬಿಚ್ಚಬಹುದು, ಹಾಕಬಹುದು, ಆದರೆ ತಗಡು ಹಾಗಲ್ಲ ಎಂದ. “ಒಮ್ಮೆ ಕೊಯ್ದ್ರ ಮತ್ತ ಮದಲಿನಂಗ ಆಗಂಗಿಲ್ರಿ ಅಯ್ಯಾರ. ವಿಚಾರ ಮಾಡಿ ಹೇಳ್ರಿ.”

ಮನೆಗೆ ಬಂದು ಇಂದುಬಾಯಿಗೆ ಹೇಳಿದೆ. ಅವಳು ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದಳು. ಮನೆ ಇದ್ದವರು ಗಾಡಿಯಲ್ಲಿ ಯಾಕೆ ಸಂಸಾರ ಹೂಡಬೇಕು ಎಂದು ಕೇಳಿದಳು. ಈ ಹೆಂಗಸಿಗೆ ಜಗತ್ತು ಎಷ್ಟು ಮುಂದೆ ಹೋಗಿದೆ ಎಂಬುದು ಗೊತ್ತಿಲ್ಲ.

ಅಕ್ಟೋಬರ್ ೧೯, ಮಂಗಳವಾರ

ತಗಡು ಕೊಯ್ಯಬೇಕು ಎಂದು ಬೆಳಿಗ್ಗೆ ನಿರ್ಧಾರ ಮಾಡಿ ಗ್ಯಾರೇಜಿಗೆ ಹೋದೆ. ಬಂದಗಿಸಾಬ ಗ್ಯಾಸಿನ ಕಟ್ಟರ್ ಹಚ್ಚಿದ. ಬೇಡ ತಡಿ ಎಂದು ವಾಪಸು ಬಂದೆ. ಮಧ್ಯಾಹ್ನ ಮತ್ತೆ ಹೋದೆ. ಅವನು ನಮಾಜಿಗೆ ಹೋಗಿದ್ದ. ಒಳ್ಳೆಯದಾಯಿತು ಅನ್ನಿಸಿತು.

ಎರಡು ದಿನ ದೇವಣಗಾಂವ ಕಡೆ ಇದ್ದೆ. ಅಲ್ಲಿ ನೋಡಬೇಕಾದ ತೋಟ ಒಂದೇ ಇತ್ತು, ಅದೂ ಒಂದು ತಾಸಿನ ಕೆಲಸ. ಆದರೂ ಇದ್ದೆ. ಭೀಮೆಯ ದಂಡೆಗೆ ಗಾಡಿ ನಿಲ್ಲಿಸಿ, ಕಲ್ಲು ಕೊಟ್ಟು, ಹಿಂದಿನ ಸೀಟಿನಲ್ಲಿ ಮೊಣಕಾಲು ಮಡಚಿ ಮಲಗಿದೆ. ಅಲ್ಲಿಂದ ಮೋರಟಗಿಗೆ ಹೋದೆ. ಅಲ್ಲಿಂದ ಸಿಂದಗಿಗೆ. ಸಿಂದಗಿಯಲ್ಲಿ ಚಹಾ ಕುಡಿದು, ಇನ್ನೆಲ್ಲಿಗೆ ಹೋಗುವುದು ಎಂದು ಯೋಚಿಸಿ, ಏನೂ ಹೊಳೆಯದೆ ಮನೆಗೆ ಬಂದೆ.

ಸೊಂಟ ಹಿಡಿದುಕೊಂಡಿದೆ. ಇಂದುಬಾಯಿ ಎಣ್ಣೆ ತಿಕ್ಕುತ್ತ ಏನನ್ನೂ ಕೇಳಲಿಲ್ಲ. ಅವಳು ಕೇಳದೆ ಇದ್ದಾಗ ನನಗೆ ಹೆಚ್ಚು ಸಿಟ್ಟು ಬರುತ್ತದೆ.

ಅಕ್ಟೋಬರ್ ೩೧, ರವಿವಾರ

ನಿನ್ನೆ ಮುದ್ದೇಬಿಹಾಳದಲ್ಲಿ ಮಗಳು ಜಯಮಾಲಾಳ ಕುಬಸದ ಕಾರ್ಯವಾಯಿತು. ಏಳು ತಿಂಗಳು ತುಂಬುತ್ತ ಬಂದಿದೆ. ಹಸಿರು ಸೀರೆಯಲ್ಲಿ ಹುಡುಗಿ ಲಕ್ಷಣವಾಗಿ ಕಾಣುತ್ತಿದ್ದಳು, ಆದರೆ ಕಣ್ಣಿನ ಕೆಳಗೆ ಕಪ್ಪಾಗಿದೆ. ಬಸುರಿ ಹೆಂಗಸಿಗೆ ಅದೆಲ್ಲ ಇದ್ದದ್ದೇ ಎಂದು ಹೆಂಗಸರು ಅಂದರು.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕು, ಅದು ಮಾತಾಡಬೇಕಾದ ವಿಷಯವೇ ಅಲ್ಲ. ಎಂಟರಲ್ಲಿ ಕರೆತರುವ ಪದ್ಧತಿ ಇಲ್ಲ, ಒಂಬತ್ತು ಬಿದ್ದ ಮೇಲೆ ಬಂದು ಕರೆದೊಯ್ಯುತ್ತೇವೆ ಎಂದು ಇಂದುಬಾಯಿ ಹೇಳಿದಳು. ಬೀಗಿತಿ ಸುನಂದಾಬಾಯಿ ಹೋಳಿಗೆ ಬಡಿಸುತ್ತಿದ್ದವರು ನನ್ನ ತಾಟಿನ ಮುಂದೆ ನಿಂತರು.

“ಬೀಗ್ರ, ತಪ್ಪ ತಿಳಕೋಬ್ಯಾಡ್ರಿ. ನೀವ ಆ ಮನ್ಯಾಗ ಮಲಗಂಗಿಲ್ಲಂತ ಸುದ್ದಿ ಐತಿ. ಮನಿ ಯಜಮಾನ್ರ ಗಾಡ್ಯಾಗ ಮಲಗಿದ್ರ, ನಮ್ಮ ಸೊಸಿನ್ನ ಬಾಣಂತನಕ್ಕ ಆ ಮಣ್ಣಿನ ಮಾಳಗಿ ಕೆಳಗ ಹ್ಯಾಂಗ ಕಳಸೂಣ್ರಿ?”

ಪಂಕ್ತಿಯವರೆಲ್ಲ ನನ್ನ ಕಡೆ ತಿರುಗಿದರು. ನಾನು ನಕ್ಕೆ. ಗಾಡಿಯನ್ನು ಮಲಗುವ ಗಾಡಿ ಮಾಡುತ್ತಿದ್ದೇನೆ, ಅದಕ್ಕೇ ಮಲಗಿ ಅಳತೆ ನೋಡುತ್ತಿದ್ದೇನೆ, ಮನೆ ಕಲ್ಲಿನಂತೆ ಗಟ್ಟಿ ಇದೆ ಎಂದೆ. ಕಿಲ್ಲಾರಿಯ ಮನೆಗಳೂ ಕಲ್ಲಿನವೇ ಅಲ್ಲವೇ ಎಂದು ಯಾರೋ ಅಂದರು. ಸುನಂದಾಬಾಯಿ ಇನ್ನೊಂದು ಹೋಳಿಗೆ ಹಾಕಿ, ಒಂಬತ್ತು ಬೀಳಲಿ, ನೋಡೋಣ ಅಂದರು.

ಬರುವಾಗ ಇಂದುಬಾಯಿ ಬಸವನ ಬಾಗೇವಾಡಿ ದಾಟಿದ ಮೇಲೆ, ತನ್ನ ಮಗಳಿಗೆ ತವರು ತಪ್ಪಿದರೆ ತಾನು ಜೀವ ಇರುವ ತನಕ ಮರೆಯುವುದಿಲ್ಲ ಎಂದಳು. ನನ್ನನ್ನು ನೋಡಿ ಹೇಳಲಿಲ್ಲ, ರಸ್ತೆ ನೋಡುತ್ತ ಹೇಳಿದಳು.

ನವೆಂಬರ್ ೨, ಮಂಗಳವಾರ

ಒಳಗೆ ಮಲಗಿದೆ. ಸೊಳ್ಳೆ. ಎದ್ದು ಗಾಡಿಗೆ ಬಂದೆ.

ನವೆಂಬರ್ ೩, ಬುಧವಾರ

ಇವತ್ತೂ ಸೊಳ್ಳೆ.

ನವೆಂಬರ್ ೫, ಶುಕ್ರವಾರ

ಇಂದುಬಾಯಿ ಬೇವಿನ ಸೊಪ್ಪಿನ ಹೊಗೆ ಹಾಕಿ, ಸೊಳ್ಳೆ ಪರದೆ ಕಟ್ಟಿ, ಬನ್ನಿ ಅಂದಳು. ಪರದೆಯೊಳಗಿಂದ ನೋಡಿದರೆ ಮೇಲಿನ ತೊಲೆ ಇನ್ನೂ ಕೆಳಗೆ ಬಂದಂತೆ ಕಾಣುತ್ತದೆ. ಆ ತೊಲೆಯನ್ನು ನನ್ನ ಅಜ್ಜ ಹಾಕಿಸಿದ್ದು. ಅದರ ಮೇಲೆ ಎಷ್ಟು ಗಾಡಿ ಮಣ್ಣು ಬಿದ್ದಿದೆಯೋ ಲೆಕ್ಕ ಇಟ್ಟವರಿಲ್ಲ. ಪ್ರತಿ ಮಳೆಗಾಲಕ್ಕೆ ಮುಂಚೆ ಸೋರದಿರಲಿ ಎಂದು ನಾನೇ ನಿಂತು ಇನ್ನಷ್ಟು ಹಾಕಿಸುತ್ತಿದ್ದೆ.

ಪರದೆಯಲ್ಲಿ ಉಸಿರು ಕಟ್ಟಿತು. ಎದ್ದು ಬಂದೆ.

ನವೆಂಬರ್ ೧೩, ಶನಿವಾರ, ದೀಪಾವಳಿ

ಲಕ್ಷ್ಮೀ ಪೂಜೆ ಮಾಡುವಾಗ ಒಂದು ಸುಲಭದ ದಾರಿ ಹೊಳೆಯಿತು. ಗಾಡಿಯನ್ನು ಚೆನ್ನಾಗಿ ತಯಾರು ಮಾಡಿಸಿ, ಬಾಣಂತಿಯನ್ನೇ ಅದರಲ್ಲಿ ಮಲಗಿಸಿದರಾಯಿತು. ಗಾಜು ಏರಿಸಿದರೆ ಗಾಳಿ ಹೊಗುವುದಿಲ್ಲ. ಬಾಣಂತಿಗೆ ಬೇಕಾದ್ದು ಅದೇ ತಾನೇ, ಬೆಚ್ಚಗಿನ ಜಾಗ. ಅಂಗಳದಲ್ಲೇ ಇರುತ್ತಾಳೆ, ಅಂದರೆ ತವರಿನಲ್ಲೇ ಇದ್ದಂತೆ. ಸುನಂದಾಬಾಯಿಯ ಬಾಯಿಯೂ ಮುಚ್ಚುತ್ತದೆ.

ಇಂದುಬಾಯಿ ಆರತಿಯ ತಾಟು ಕೆಳಗಿಟ್ಟು ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದಳು. “ಮ್ಯಾಲ ಬಾಣಂತಿ, ಬೆನ್ನಿಗೆ ಗ್ಯಾಸಿನ ಟಾಕಿ, ಹೊರಸಿನ ಕೆಳಗ ಕೆಂಡದ ಬುಟ್ಟಿ. ಇದಕ್ಕಿಂತ ನಿಮ್ಮ ಭೂಕಂಪ ಭಾಳ ಚೊಲೋ ಇತ್ತಲ್ರಿ.”

ಕೆಂಡದ ಮಾತು ನನಗೆ ಮರೆತೇ ಹೋಗಿತ್ತು. ಬಾಣಂತಿ ಮಲಗುವ ಹಗ್ಗದ ಹೊರಸಿನ ಕೆಳಗೆ ದಿನಾಲೂ ಸಗಣಿ ಕುಳ್ಳಿನ ಕೆಂಡ ಇಟ್ಟು ಬೆನ್ನು ಕಾಯಿಸುತ್ತಾರೆ. ಹೆಂಗಸರ ಪದ್ಧತಿಗಳನ್ನು ಗಂಡಸು ಎಷ್ಟೆಂದು ನೆನಪಿಟ್ಟುಕೊಳ್ಳಬೇಕು. ಹಬ್ಬದ ದಿನ ಊಟ ಸೇರಲಿಲ್ಲ.

ನವೆಂಬರ್ ೨೨, ಸೋಮವಾರ

ಕೊನೆಗೂ ಕೆಲಸ ಶುರುವಾಯಿತು. ಇಂದುಬಾಯಿ ತನ್ನ ತವರು ಗೊಳಸಂಗಿಗೆ ಹೋಗಿದ್ದಾಳೆ, ಬಾಣಂತಿಯ ಖಾರಕ್ಕೆ ಸಾಮಾನು ಹೊಂದಿಸಬೇಕಂತೆ. ಮನೆಯಲ್ಲಿ ಕಿರಿಕಿರಿ ಇಲ್ಲ.

ಬಂದಗಿಸಾಬ ಹಿಂದಿನ ಸೀಟು ಬಿಚ್ಚಿ ಪಡಸಾಲೆಯಲ್ಲಿ ಇಟ್ಟ. ತಗಡಿನ ವಿಷಯದಲ್ಲಿ ಮಾತ್ರ ನನಗೆ ಇವತ್ತೂ ಮನಸ್ಸು ಗಟ್ಟಿಯಾಗಲಿಲ್ಲ. ಕೊಯ್ದರೆ ಉದ್ದ ಸಿಗುತ್ತದೆ, ಕೊಯ್ದರೆ ಗಾಡಿ ಗಾಡಿಯಾಗಿ ಉಳಿಯುವುದಿಲ್ಲ. ಕೊನೆಗೆ ಹೊಳೆಯಿತು. ಗಾಡಿಯನ್ನು ಉದ್ದ ಮಾಡುವ ಬದಲು ಹಾಸಿಗೆಯನ್ನೇ ಗಿಡ್ಡ ಮಾಡಿದರಾಯಿತು. ಅಟ್ಟದ ಮೇಲೆ ಒಂದು ಹಳೆಯ ಹೊರಸು ಧೂಳು ತಿನ್ನುತ್ತ ಬಿದ್ದಿತ್ತು. ಬಡಿಗ ದಾವಲಮಲಿಕನನ್ನು ಕರೆಸಿದೆ. ಅವನು ಹಗ್ಗ ಬಿಚ್ಚಿ, ಚೌಕಟ್ಟು ಕಳಚಿ, ಉದ್ದವನ್ನು ಗಾಡಿಯ ಅಳತೆಗೆ ಕೊಯ್ದ. ಸೀಟಿನ ಜಾಗದಲ್ಲಿ ಕೂರಬೇಕಲ್ಲ, ಅದಕ್ಕೆ ಕಾಲನ್ನೂ ಗೇಣಿಗಿಂತ ಕಡಿಮೆ ಮಾಡಿಸಿದೆ. ತುಂಡುಗಳನ್ನು ಒಳಗೆ ಹಾಕಿ, ಅಲ್ಲೇ ಜೋಡಿಸಿ, ಅವನು ಒಂದು ಬಾಗಿಲಲ್ಲಿ ನಾನು ಇನ್ನೊಂದು ಬಾಗಿಲಲ್ಲಿ ಕೂತು ಹಗ್ಗ ಹೆಣೆದೆವು.

ಮಲಗಿ ನೋಡಿದೆ. ಕಾಲು ಸ್ವಲ್ಪ ಮಡಚಬೇಕು. ಆದರೆ ಗಟ್ಟಿ ಸಾಗವಾನಿ, ಒಂದು ಕಿರ್ ಶಬ್ದ ಇಲ್ಲ. ಬಹಳ ದಿನದ ಮೇಲೆ ಒಂದು ಕೆಲಸ ಮುಗಿಸಿದಂತಾಯಿತು.

ನವೆಂಬರ್ ೨೬, ಶುಕ್ರವಾರ

ಇಂದುಬಾಯಿ ಬಂದಳು. ಅಟ್ಟ ಹತ್ತಿದಳು. ಇಳಿದಳು. ಗಾಡಿಯ ಬಾಗಿಲು ತೆಗೆದು ನೋಡಿದಳು. ಮುಚ್ಚಿದಳು.

ನವೆಂಬರ್ ೨೮, ರವಿವಾರ

ನನ್ನೊಡನೆ ಮಾತಿಲ್ಲ. ಊಟಕ್ಕೆ ಕರೆಯುವುದಿದ್ದರೂ ಬೆಕ್ಕಿಗೆ ಹೇಳಿದಂತೆ ಹೇಳುತ್ತಾಳೆ. ಒಂದು ಹಳೆಯ ಹೊರಸಿಗೆ ಇಷ್ಟೇ? ಬೇಕಿದ್ದರೆ ದಾವಲಮಲಿಕನಿಗೆ ಹೇಳಿ ಹೊಸದು ಮಾಡಿಸಿಕೊಡುತ್ತೇನೆ ಎಂದು ಗೋಡೆಗೆ ಕೇಳುವಂತೆ ನಾನೂ ಹೇಳಿದೆ.

ಡಿಸೆಂಬರ್ ೪, ಶನಿವಾರ

ಇವತ್ತು ಮಾತಾಡಿದಳು. ಜೋಳ ಹಸನು ಮಾಡುತ್ತಿದ್ದವಳು ಮೊರ ಬದಿಗಿಟ್ಟು ಹೇಳಿದಳು. ಒಂದೊಂದು ಮಾತೂ ನೆನಪಿದೆ.

“ಜಯಮಾಲಾ ಹುಟ್ಟಿದಾಗ ನನ್ನ ಬಾಣಂತನ ಆ ಹೊರಸಿನ ಮ್ಯಾಲ ಆತು. ಗೊಳಸಂಗಿಯಿಂದ ಬರುವಾಗ ನಮ್ಮವ್ವ ತೊಟ್ಟಲದ ಜೋಡಿ ಅದನ್ನೂ ಕೊಟ್ಟು ಕಳಿಸಿದ್ಲು. ನಿನ್ನ ಮಗಳಿಗೂ ಇದ ಇರ್ಲಿ ಅಂದಿದ್ಲು. ನೀವು ಅದನ್ನ ಕೊಯ್ದ್ರಿ.” ಮೊರ ಮತ್ತೆ ಕೈಗೆತ್ತಿಕೊಂಡಳು. “ಗಾಡ್ಯಾಗ ಮಲಗಬ್ಯಾಡ್ರಿ ಅಂತ ನಾ ಎಂದೂ ಅಂದಿಲ್ಲ. ಅಂಜಿಕಿ ಆಗೇತಿ ಅಂತ ಒಂದ ಮಾತ ಹೇಳಿದ್ರ ನಾನೂ ಹೊರಗ ಬಂದು ನಿಮ್ಮ ಬಾಜೂ ಮಲಗತಿದ್ನಿ. ಈಗ ಒಂಬತ್ತರಾಗ ಬಿದ್ದೈತಿ. ಮಗಳನ್ನ ಎಲ್ಲಿ ಮಲಗಸೂದು ಅಂತ ನೀವ ಮುದ್ದೇಬಿಹಾಳಕ್ಕ ಹೋಗಿ ಹೇಳಿ ಬರ್ರಿ.”

ಅಂಜಿಕೆಯಂತೆ. ನನಗೆ. ಸೊಲ್ಲಾಪುರ, ಹೈದರಾಬಾದ್ ಬಜಾರಿನಲ್ಲಿ ಒಬ್ಬನೇ ನಿಂತು ವ್ಯಾಪಾರ ಮಾಡಿ ಬಂದವನು ನಾನು. ಸೋಮವಾರ ಹೋಗುತ್ತೇನೆ. ಮಗಳು ಅಲ್ಲೇ ಇರಲಿ, ಆಸ್ಪತ್ರೆ ಹತ್ತಿರ ಇದೆ, ಬೀಗರ ಮನೆಗೆ ಆರ್‌ಸಿಸಿ ಛಾವಣಿ ಇದೆ ಎಂದು ಹೇಳಿ ಬರುತ್ತೇನೆ. ಅದರಲ್ಲಿ ತಪ್ಪೇನಿದೆ.

ಡಿಸೆಂಬರ್ ೭, ಮಂಗಳವಾರ

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಮುದ್ದೇಬಿಹಾಳ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡಿದ್ದೆ. ಅಳಿಯ ಸಂಗಮೇಶ ಡ್ಯೂಟಿಗೆ ಹೋಗಿದ್ದ. ಸುನಂದಾಬಾಯಿ ಚಹಾ ಇಡಲು ಒಳಗೆ ಹೋದಾಗ, ಜಯಮಾಲಾ ಗಾಡಿ ನೋಡುತ್ತೇನೆ ಎಂದು ಹೊರಗೆ ಬಂದಳು. ಗಿಡ್ಡ ಹೊರಸು ನೋಡಿ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಒಂದೊಂದೇ ಕಾಲು ಒಳಗಿಟ್ಟು, ಅದರ ಮೇಲೆ ಅಡ್ಡಾದಳು. ಅವಳು ತಾಯಿಯಂತೆ ಕುಳ್ಳಿ, ಕಾಲು ಮಡಚದೆಯೇ ಹಿಡಿಸಿತು. ನಾನು ಮುಂದಿನ ಸೀಟಿನಲ್ಲಿ ಕೂತೆ. ಅಲ್ಲಿಂದ ಅವಳ ಮುಖ ಕಾಣುತ್ತಿರಲಿಲ್ಲ.

“ಅಪ್ಪಾ, ಆವತ್ತಿಂದ ನನಗ ನಿದ್ದಿ ಇಲ್ಲ,” ಎಂದಳು. “ಕಣ್ಣ ಮುಚ್ಚಿದ್ರ ಮ್ಯಾಲ ಬಿದ್ದಂಗ ಆಗತೈತಿ. ಇಲ್ಲಿ ಯಾರ ಮುಂದ ಹೇಳ್ಲಿ? ಆರ್‌ಸಿಸಿ ಮನ್ಯಾಗ ಇದ್ದು ಅಂಜತಾಳ ಅಂತ ನಗತಾರ.”

ಕಣ್ಣಿನ ಕೆಳಗಿನ ಕಪ್ಪು ನೆನಪಾಯಿತು. ಈ ಎರಡು ತಿಂಗಳು ನಾನು ನನ್ನ ಸೊಳ್ಳೆಯ ಲೆಕ್ಕದಲ್ಲಿದ್ದೆ, ಹುಡುಗಿ ಇಲ್ಲಿ ಒಬ್ಬಳೇ ಛಾವಣಿ ನೋಡುತ್ತಿದ್ದಳು. ನನಗೆ ಅಳು ಬಂತು. ‘ನನಗೂ ಇಲ್ಲವ್ವಾ’ ಎಂದೆ. ಆ ಮಾತು ಬಾಯಿಂದ ಬಂದ ಮೇಲೆ ಉಳಿದದ್ದೂ ಬಂತು.

ಕಿಲ್ಲಾರಿಯಲ್ಲಿ ನಾವು ರೊಟ್ಟಿ ಹಂಚುವಾಗ ಒಬ್ಬ ನನ್ನ ವಯಸ್ಸಿನವನು ಬಂದು ಕೈ ಒಡ್ಡಿದ. ಬೆಳೆ ಕಾಯಲು ಹೊಲದಲ್ಲಿ ಮಲಗಿದ್ದನಂತೆ. ರೊಟ್ಟಿ ಕೊಟ್ಟೆ. ಇನ್ನಷ್ಟು ಕೊಡಿ, ಒಳಗೆ ಮಂದಿ ಇದ್ದಾರೆ ಎಂದ. ಅವನು ತೋರಿಸಿದ ಕಡೆ ಮನೆ ಇರಲಿಲ್ಲ. ಬಾಗಿಲ ಚೌಕಟ್ಟು ಇತ್ತು, ಅದರ ಹಿಂದೆ ಕಲ್ಲು, ಮಣ್ಣು, ನಮ್ಮ ಮನೆಯಂಥದ್ದೇ ತೊಲೆಗಳು. ಮಿಲಿಟರಿಯವರು ಅಗೆದು ಎಲ್ಲರನ್ನೂ ಒಯ್ದಾಗಿತ್ತು ಎಂದು ಬಾಜೂದವರು ಹೇಳಿದರು. ನಾನು ಅವನ ಪಂಚೆಯ ತುಂಬ ರೊಟ್ಟಿ ಹಾಕಿದೆ. ಅವನು ಒಯ್ದು ಆ ಚೌಕಟ್ಟಿನ ಹೊಸ್ತಿಲ ಮೇಲೆ ಒಂದೊಂದಾಗಿ ಇಟ್ಟ. ಇದನ್ನು ನಾನು ಇಂದುಬಾಯಿಗೂ ಹೇಳಿಲ್ಲ. ಬಂದಗಿಸಾಬ ನೋಡಿದ್ದಾನೆ, ಅವನೂ ಮಾತೆತ್ತಿಲ್ಲ.

ಜಯಮಾಲಾ ಹಿಂದಿನಿಂದ ಕೈ ಚಾಚಿ ನನ್ನ ಭುಜ ಹಿಡಿದಳು. “ಅವ ಹೊರಗ ಮಲಗಿ ಉಳದಾ. ಹಾಂಗ ಉಳಿಯೂದು ಬ್ಯಾಡಪ್ಪಾ. ನನಗ ಅವ್ವ ಬೇಕು, ನಮ್ಮ ಖೋಲಿ ಬೇಕು. ಅಂಜಿಕಿ ಆದ್ರ ಕೂಡೇ ಅಂಜೂಣು.”

ಸುನಂದಾಬಾಯಿ ಚಹಾ ತಂದಾಗ, ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದೆ. ಗಟ್ಟಿ ಮಾಡಿಕೊಂಡು ಹೋಗಿದ್ದ ಮಾತು ಅದಲ್ಲ. ನೀವೆಲ್ಲಿ ಮಲಗುತ್ತೀರಿ ಎಂದು ಅವರು ನೇರ ಕೇಳಿದರು. ಬಾಣಂತಿ ಖೋಲಿಯ ಬಾಗಿಲ ಮುಂದೆ ಎಂದೆ. ಅವರು ನನ್ನ ಮುಖ ನೋಡಿ, ಮಗನಿಗೆ ಹೇಳಿಕಳಿಸಿ, ಸೊಸೆಯ ಉಡಿ ತುಂಬಿ ಕಳಿಸಿದರು. ಕಣ್ಣು ತುಂಬಿಕೊಂಡಿದ್ದರು. ಹೆಂಗಸು ಬಾಯಿ ಜೋರು, ಮನಸ್ಸು ಕೆಟ್ಟದ್ದಲ್ಲ.

ಎತ್ತಿನ ಗಾಡಿಯಂತೆ ನಿಧಾನ ಹೊಡೆದುಕೊಂಡು ಬಂದೆ. ಬಾಗೇವಾಡಿ ಬರುವ ಮೊದಲೇ ಹುಡುಗಿಗೆ ನಿದ್ದೆ ಹತ್ತಿತ್ತು. ಇಂಡಿಯಲ್ಲಿ ಇಂದುಬಾಯಿ ಬಾಗಿಲು ತೆಗೆಯುವ ತನಕ ಎಚ್ಚರ ಇರಲಿಲ್ಲ.

ಡಿಸೆಂಬರ್ ೧೦, ಶುಕ್ರವಾರ

ಹೊಸ ಹೊರಸು ಬೇಡ, ಕೊಯ್ದದ್ದೇ ಇರಲಿ ಎಂದು ಜಯಮಾಲಾ ಹಟ ಹಿಡಿದಳು. ಹಾಗಾಗಿ ಹೆಣೆದದ್ದನ್ನು ಮತ್ತೆ ಬಿಚ್ಚಿ, ಗಾಡಿಯಿಂದ ತುಂಡು ತುಂಡಾಗಿ ಹೊರಗೆ ತೆಗೆದೆ. ಅಂಗಳದಲ್ಲಿ ಜೋಡಿಸಲು ಕೂತರೆ ಓಣಿಯವರೆಲ್ಲ ನಿಂತು ಸಲಹೆ ಕೊಡತೊಡಗಿದರು. ಇಂದುಬಾಯಿ ಎಲ್ಲವನ್ನೂ ಒಳಗಿನ ಖೋಲಿಗೆ ಸಾಗಿಸಿದಳು. ಅವಳು ಹಗ್ಗದ ಒಂದು ತುದಿ ಹಿಡಿದಳು, ನಾನು ಎಳೆದೆ. ನೀವು ಸಡಿಲ ಬಿಡುತ್ತೀರಿ ಎಂದು ಅವಳು, ನೀನು ಮುಂಚೆಯೇ ಎಳೆಯುತ್ತಿ ಎಂದು ನಾನು. ಬೆಳಿಗ್ಗೆ ಕೂತವರು ಎದ್ದಾಗ ಊಟದ ಹೊತ್ತು ಮೀರಿತ್ತು.

ಕಾಲು ಮೊಂಡಾಗಿದ್ದರಿಂದ ಕೆಳಗೆ ಕೆಂಡದ ಬುಟ್ಟಿ ಹಿಡಿಸುವುದಿಲ್ಲ. ಗಾಡಿಯ ಗಾಲಿಗೆ ಕೊಡುವ ನಾಲ್ಕು ಕಲ್ಲು ತಂದು ಒಂದೊಂದು ಕಾಲಿಗೆ ಒಂದೊಂದು ಕೊಟ್ಟೆ. ಸರಿಯಾಗಿ ಕೂತಿತು. ಗಾಡಿಯನ್ನು ಬೇವಿನ ಗಿಡಕ್ಕೆ ಆನಿಸಿ ನಿಲ್ಲಿಸಿದ್ದೇನೆ.

ಗೋಡೆಯ ಬಿರುಕಿಗೆ ಜಯಮಾಲಾ ಸುಣ್ಣ ಮೆತ್ತಿದಳು. ಇಂದುಬಾಯಿಗೆ ಕಿಲ್ಲಾರಿಯ ಮಾತು ಹೇಳಿದೆ. ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಡಿಸೆಂಬರ್ ೧೮, ಶನಿವಾರ

ಕೊಟ್ಟ ಮಾತಿನಂತೆ ಖೋಲಿಯ ಬಾಗಿಲ ಮುಂದೆ ಕಂಬಳಿ ಹಾಕಿಕೊಂಡು ಮಲಗುತ್ತೇನೆ. ಎಲ್ಲರಿಗೂ ನಿದ್ದೆ ಹತ್ತಿದ ಮೇಲೆ ಗಾಡಿಗೆ ಹೋಗುತ್ತೇನೆ. ನನ್ನ ಗಾದಿ, ದಿಂಬು ಅಲ್ಲೇ ಇವೆ. ಹಾಲಿನವನು ಬರುವ ಮುಂಚೆ ವಾಪಸು. ಯಾರಿಗೂ ಗೊತ್ತಿಲ್ಲ.

ಡಿಸೆಂಬರ್ ೧೯, ರವಿವಾರ

ಗಾಡಿಯಲ್ಲಿ ಯಾರೋ ಒಂದು ತಂಬಿಗೆ ನೀರು ಮತ್ತು ಉಲ್ಲನ್ ಟೊಪ್ಪಿಗೆ ಇಟ್ಟಿದ್ದಾರೆ.

ಜನವರಿ ೪, ೧೯೯೪, ಮಂಗಳವಾರ

ಹೆಣ್ಣು ಮಗು. ಬೆಳಿಗ್ಗೆ ಆಸ್ಪತ್ರೆಯಲ್ಲಿ ಆಯಿತು. ತಾಯಿ, ಮಗು ಆರಾಮ. ಬಂದಗಿಸಾಬ ಗ್ಯಾರೇಜು ಬಂದ್ ಮಾಡಿ ಬಂದು ಪೇಢೆ ಹಂಚಿದ. ಸಂಗಮೇಶನಿಗೆ ಫೋನು ಹಚ್ಚಿ ರಿಸೀವರನ್ನು ಫೋನಿನ ಅಂಗಡಿಯವನ ಕೈಗೇ ಕೊಟ್ಟೆ, ಅವನೇ ಹೇಳಿದ.

ಜನವರಿ ೧೪, ಶುಕ್ರವಾರ, ಸಂಕ್ರಾಂತಿ

ಮನೆ ತುಂಬ ಲೋಬಾನದ ಹೊಗೆ. ಬಾಣಂತಿ ಖೋಲಿಗೆ ಗಂಡಸರು ಹೋಗುವುದಿಲ್ಲ, ಆದ್ದರಿಂದ ನಾನು ಬಾಗಿಲಿನಿಂದಲೇ ನೋಡುತ್ತೇನೆ. ಪದ್ಧತಿ ಇದೆಯಲ್ಲ, ಹಾಗಾಗಿ. ಒಳಗೆ ಹೋಗಲು ನನ್ನದೇನೂ ಅಭ್ಯಂತರವಿಲ್ಲ. ಕೂಸು ಸೀನಿದರೆ ಇಡೀ ತೊಟ್ಟಿಲು ಅಲ್ಲಾಡುತ್ತದೆ. ಮೂಗು ನನ್ನದು ಎಂದು ಇಂದುಬಾಯಿ ಬೇಸರದಿಂದ ಹೇಳಿದಳು.

ಜನವರಿ ೨೦, ಗುರುವಾರ

ಮಧ್ಯಾಹ್ನ ಊಟವಾಗಿ ಗಾಡಿಯಲ್ಲಿ ಅಡ್ಡಾಗಿದ್ದೆ. ಒಮ್ಮೆಲೇ ನೆಲ ಧಡ್ ಎಂದಿತು. ಗಾಡಿಯ ಗಾಜು ನಡುಗಿತು, ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು ಕೇಳಿತು. ಓಣಿಯ ಮಂದಿಯೆಲ್ಲ ಕೂಗುತ್ತ ಮನೆಗಳಿಂದ ಹೊರಗೆ ಬಂದರು. ಇಂದುಬಾಯಿ ಹಿತ್ತಿಲಲ್ಲಿ ಕೂಸಿನ ಕುಂಚಿಗೆ ಒಣಹಾಕುತ್ತಿದ್ದಳು.

ಆಮೇಲೆ ತಿಳಿಯಿತು, ಹಿಂದಿನ ಹೊಲದವರು ಬಾವಿ ಆಳ ಮಾಡಲು ಮದ್ದು ಹಾರಿಸಿದ್ದು. ಮೊದಲೇ ಹೇಳಿ ಹಾರಿಸಬೇಕು ಎನ್ನುವ ಕನಿಷ್ಠ ಬುದ್ಧಿ ಬೇಡವೇ. ಸಂಜೆ ಹೋಗಿ ಚೆನ್ನಾಗಿ ಝಾಡಿಸಿ ಬಂದೆ.

ಇಂದುಬಾಯಿ ಮಾತ್ರ ಒಂದೇ ಸಮನೆ ನನ್ನನ್ನು ನೋಡುತ್ತಿದ್ದಾಳೆ. ಅವಳು ಓಡಿ ಬಂದಾಗ ನಾನು ಒಳಗಿನ ಖೋಲಿಯಲ್ಲಿದ್ದೆನಂತೆ. ಒಂದು ಕೈ ಜಯಮಾಲಾಳ ತಲೆಯ ಮೇಲೆ, ಮೈಯೆಲ್ಲ ತೊಟ್ಟಿಲಿನ ಮೇಲೆ ಬಗ್ಗಿಸಿ, ಮಾಳಿಗೆಗೆ ಬೆನ್ನು ಕೊಟ್ಟು ನಿಂತಿದ್ದೆನಂತೆ. ಕಾಲಲ್ಲಿ ಚಪ್ಪಲಿ ಹಾಗೇ ಇದ್ದವು, ಬಾಣಂತಿ ಖೋಲಿಗೆ ಚಪ್ಪಲಿ ಹಾಕಿಕೊಂಡು ಹೋದದ್ದಕ್ಕೆ ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

“ಊರ ಮಂದಿ ಎಲ್ಲಾ ಹೊರಗ ಓಡಿ ಬಂತು. ನೀವ ಯಾಕ ಒಳಗ ಓಡಿದ್ರಿ?”

ಎಂಥ ಪ್ರಶ್ನೆ. ಕೂಸು ಒಳಗಿತ್ತಲ್ಲ.

ಜನವರಿ ೨೩, ರವಿವಾರ

ಬಂದಗಿಸಾಬ ಕಟ್ಟರ್ ತೆಗೆದುಕೊಂಡೇ ಬಂದಿದ್ದ. ಇವತ್ತಾದರೂ ತಗಡಿನದು ಒಂದು ಇತ್ಯರ್ಥ ಮಾಡಿ ಎಂದ. ಈಗ ಸದ್ದು ಮಾಡಬೇಡ, ಕೂಸಿಗೆ ಈಗಷ್ಟೇ ನಿದ್ದೆ ಹತ್ತಿದೆ ಎಂದೆ. ಹಾಗಾದರೆ ಯಾವಾಗ ಎಂದು ಕೇಳಿದ. ಮಗಳು ಕೂಸನ್ನು ಕರೆದುಕೊಂಡು ಗಂಡನ ಮನೆಗೆ ಹೋಗುವಾಗ ತಾಯಿ, ಮಗು, ತೊಟ್ಟಿಲು, ಅಜ್ಜಿ ಎಲ್ಲ ಈ ಗಾಡಿಯಲ್ಲೇ ಹೋಗಬೇಕು, ಸೀಟು ಇಲ್ಲದಿದ್ದರೆ ಎಲ್ಲಿ ಕೂರುತ್ತಾರೆ ಎಂದು ನಾನೇ ಕೇಳಿದೆ. ಅವನು ಕಟ್ಟರ್ ಮೂಲೆಗಿಟ್ಟು, ಪಡಸಾಲೆಯಿಂದ ಸೀಟು ಹೊತ್ತು ತಂದ. ಇಬ್ಬರೂ ಸೇರಿ ಸದ್ದಾಗದಂತೆ ಕೂರಿಸಿದೆವು.

ಸೀಟು ಹಾಕುವಾಗ ನೋಡಿದರೆ ಗಾಡಿಯಲ್ಲಿ ನನ್ನ ಗಾದಿ ಇಲ್ಲ, ದಿಂಬು ಇಲ್ಲ. ಹುಡುಕಿದೆ. ಖೋಲಿಯ ಹೊಸ್ತಿಲ ಒಳಗೆ, ಗೋಡೆಯ ಪಕ್ಕದಲ್ಲಿ ಹಾಸಿದ್ದವು. ಉಲ್ಲನ್ ಟೊಪ್ಪಿಗೆ ದಿಂಬಿನ ಮೇಲಿತ್ತು. ನನ್ನ ಸಾಮಾನು ನನ್ನನ್ನು ಕೇಳದೆ ಯಾಕೆ ತಂದೆ ಎಂದು ಇಂದುಬಾಯಿಗೆ ಸ್ವಲ್ಪ ಜೋರಾಗಿಯೇ ಕೇಳಿದೆ.

“ನಾ ತಂದಿಲ್ರಿ,” ಎಂದಳು. “ಗುರುವಾರ ಸಂಜೀಕ ನೀವ ತಂದು ಹಾಸಿದ್ರಿ. ಮೂರ ರಾತ್ರಿ ಆತು, ಇಲ್ಲೇ ಮಲಗಾಕತ್ತೀರಿ.”

ಇರಬಹುದು. ಡೈರಿಯಲ್ಲಿ ಬರೆದಿಲ್ಲ.